ಮಲ್ಪೆಯ ಕಲ್ಲುಕಂಬಗಳಿಂದ ಮರವಂತೆಯ ಮರಳಿನವರೆಗೆ

ಉಡುಪಿಯ ಕರಾವಳಿಯನ್ನು ಒಂದೇ ದಿನದಲ್ಲಿ ನೋಡಲು ಹೊರಟಾಗ ನಾನು ಮೂರೇ ಜಾಗಗಳನ್ನು ಇಟ್ಟುಕೊಂಡು, ಬೆಳಗಿನ ಹೊತ್ತನ್ನೆಲ್ಲ ಸೇಂಟ್ ಮೇರೀಸ್ ದ್ವೀಪಕ್ಕೆ ಮೀಸಲಿಟ್ಟೆ. ಉಬ್ಬರದಲ್ಲಿ ದ್ವೀಪದ ಅಂಚಿನ ಕಲ್ಲುಕಂಬಗಳ ಬುಡ ನೀರಿನಡಿ ಹೋಗುವುದರಿಂದ, ಬೆಳಿಗ್ಗೆ ಇಳಿತವಿರುವ ದಿನವನ್ನು ಮೊದಲೇ ನೋಡಿ ಆರಿಸಿಕೊಂಡಿದ್ದೆ. ಮಳೆಗಾಲದಲ್ಲಿ ಮಲ್ಪೆಯಿಂದ ಅಲ್ಲಿಗೆ ದೋಣಿಗಳು ಹೋಗುವುದಿಲ್ಲ.

ದೋಣಿಯಿಂದಿಳಿದವರು ಹೆಚ್ಚಾಗಿ ಚಿಪ್ಪುಗಳ ದಂಡೆಯತ್ತ ನಡೆದರೆ, ನಾನು ನೇರವಾಗಿ ಕಂಬಗಳ ಬಳಿ ಹೋದೆ. ಲಾವಾ ತಣಿಯುತ್ತ ಕುಗ್ಗುವಾಗ ಹುಟ್ಟುವ ಬಿರುಕುಗಳು ತಣಿಯುವ ಮೇಲ್ಮೈಗೆ ಲಂಬವಾಗಿ ಒಳಗಿಳಿದು, ಕಲ್ಲನ್ನು ಐದು, ಆರು, ಕೆಲವೆಡೆ ಏಳು ಮುಖಗಳ ಕಂಬಗಳಾಗಿ ಸೀಳುತ್ತವೆ. ಹಾಗಾಗಿ ಕಂಬಗಳು ವಾಲಿರುವ ದಿಕ್ಕನ್ನು ಗಮನಿಸಿದರೆ ಲಾವಾ ಯಾವ ಕಡೆಯಿಂದ ತಣಿಯಿತೆಂದು ಊಹಿಸಬಹುದು. ಒಂದು ಕಂಬದ ತಲೆಯ ಮೇಲೆ ಕುಳಿತು ಅಂಚಿನ ಬಿರುಕಿಗೆ ಬೆರಳಿಟ್ಟು ನೋಡಿದೆ: ಪಕ್ಕದ ಕಂಬ ಅಷ್ಟು ಒತ್ತಾಗಿ ನಿಂತಿತ್ತು, ನಡುವಿನ ಸಣ್ಣ ಗುಳಿಯಲ್ಲಿ ಒಣಗಿದ ಉಪ್ಪು ಬೆಳ್ಳಗೆ ಕಟ್ಟಿತ್ತು. ಇದನ್ನು ದಖನ್ ಪ್ರಸ್ಥಭೂಮಿಯ ಕಪ್ಪು ಲಾವಾ ಶಿಲೆಯಾದ ಬಸಾಲ್ಟ್ ಎಂದುಕೊಳ್ಳುವವರು ಬಹಳ ಮಂದಿ. ವಾಸ್ತವದಲ್ಲಿ ಇದು ಸಿಲಿಕಾ ಹೆಚ್ಚಿರುವ ಬೇರೆ ಬಗೆಯ ಲಾವಾ. ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ್ದು, ವಯಸ್ಸು ಸುಮಾರು 8.5ರಿಂದ 9 ಕೋಟಿ ವರ್ಷ, ಎಂದರೆ ದಖನ್ ಲಾವಾಕ್ಕಿಂತ ಸುಮಾರು ಎರಡು ಕೋಟಿ ವರ್ಷಗಳಷ್ಟು ಹಳೆಯದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಈ ಜಾಗವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿರುವುದರಿಂದ ಸುತ್ತಿಗೆಗೆ ಇಲ್ಲಿ ಕೆಲಸವಿಲ್ಲ. ಒಂದು ಭೂತಗನ್ನಡಿ ಸಾಕು.

ಮಧ್ಯಾಹ್ನದ ಬಿಸಿಲಿಗೆ ಕಲ್ಲು ಕಾಯುವ ಮುನ್ನ ದಡಕ್ಕೆ ಮರಳಿ, ಉತ್ತರಕ್ಕೆ ಕೋಡಿ ಬೆಂಗ್ರೆಗೆ ಹೋದೆ. ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಹೊಳೆ, ನಡುವೆ ಕಿರಿದಾದ ಮರಳಿನ ನಾಲಿಗೆ. ದಂಡೆಯುದ್ದಕ್ಕೂ ಅಲೆಗಳು ಸಾಗಿಸುವ ಮರಳು ಅಳಿವೆಯ ಬಾಯಲ್ಲಿ ಕೂಡಿಕೊಂಡು ಇಂಥ ನಾಲಿಗೆಗಳು ಬೆಳೆಯುತ್ತವೆ, ಮಳೆಗಾಲದ ನೆರೆ ಮತ್ತು ಅಬ್ಬರದ ಅಲೆಗಳು ಅವುಗಳ ತುದಿಯನ್ನು ಆಗಾಗ ಬದಲಿಸುತ್ತಲೂ ಇರುತ್ತವೆ.

ಕೊನೆಗೆ ಮರವಂತೆ. ಸೌಪರ್ಣಿಕಾ ನದಿ ಕಡಲಿನ ತೀರ ಸಮೀಪ ಬಂದೂ ಅಲ್ಲಿ ಸಮುದ್ರ ಸೇರದೆ ತಿರುಗಿ, ಮುಂದೆ ಗಂಗೊಳ್ಳಿಯ ಬಳಿ ಸೇರುತ್ತದೆ. ನಡುವೆ ಉಳಿದ ಕಿರಿದಾದ ನೆಲದ ಮೇಲೆಯೇ ರಾಷ್ಟ್ರೀಯ ಹೆದ್ದಾರಿ 66 ಹಾದುಹೋಗುತ್ತದೆ. ಸಮಯ ಸಾಲದಿದ್ದರೆ ನಾನು ಕೈಬಿಡುವುದು ಇದನ್ನೇ, ಏಕೆಂದರೆ ಮರವಂತೆಯ ಈ ವಿಚಿತ್ರವನ್ನು ಹೆದ್ದಾರಿಯ ಬಸ್ಸಿನ ಕಿಟಕಿಯಿಂದಲೂ ನೋಡಬಹುದು.