ಕ್ರಾಂತಿಯೊಂದನ್ನು ಓದುವ ಬಗೆ: ಆಡಳಿತ, ಜನಜೀವನ, ಸಂಸ್ಕೃತಿಗಳಲ್ಲಿ ಅದರ ಗುರುತನ್ನು ಹುಡುಕುವುದು ಹೇಗೆ

1789ರ ಜುಲೈ 14ರಂದು ಪ್ಯಾರಿಸಿನ ಜನ ಬ್ಯಾಸ್ಟೀಲ್ ಕೋಟೆಗೆ ನುಗ್ಗಿದಾಗ ಆ ಸೆರೆಮನೆಯಲ್ಲಿದ್ದ ಕೈದಿಗಳು ಏಳೇ ಮಂದಿ. ಹದಿನಾರನೆಯ ಲೂಯಿ ದೊರೆ ತನ್ನ ಬೇಟೆಯ ದಿನಚರಿಯಲ್ಲಿ ಆ ದಿನಾಂಕದ ಎದುರು ‘ಏನೂ ಇಲ್ಲ’ ಎಂದಷ್ಟೇ ಬರೆದುಕೊಂಡಿದ್ದ. ಕ್ರಾಂತಿಯ ಚರಿತ್ರೆಯನ್ನು ಓದಲು ಹೊರಟವರು ಸಾಮಾನ್ಯವಾಗಿ ಇಂಥ ದಿನದಿಂದಲೇ ತೊಡಗುತ್ತಾರೆ, ಹಲವರು ಅಲ್ಲಿಯೇ ನಿಂತೂ ಬಿಡುತ್ತಾರೆ. ಆದರೆ ಒಂದು ಕ್ರಾಂತಿ ಒಂದು ದೇಶದ ರಾಜಕೀಯವನ್ನು, ಜನರನ್ನು, ಸಂಸ್ಕೃತಿಯನ್ನು ಹೇಗೆ ತಿದ್ದಿತು ಎಂಬುದು ನಿಮ್ಮ ಪ್ರಶ್ನೆಯಾಗಿದ್ದರೆ, ಆ ದಿನವನ್ನು ಸ್ವಲ್ಪ ಬದಿಗಿರಿಸಿ, ಒಂದು ನೋಟ್‌ಬುಕ್ಕಿನ ಪುಟದ ನಡುವೆ ಗೆರೆ ಎಳೆದು ಕುಳಿತುಕೊಳ್ಳುವುದು ಒಳ್ಳೆಯದು. ಎಡಗಡೆ, ಹೊಸ ಸರ್ಕಾರ ಏನೇನು ಆಜ್ಞೆ ಮಾಡಿತು ಎಂಬುದನ್ನು ವರ್ಷದೊಂದಿಗೆ ಬರೆಯಿರಿ. ಬಲಗಡೆ, ಹತ್ತು ವರ್ಷಗಳ ನಂತರ ಮತ್ತು ಐವತ್ತು ವರ್ಷಗಳ ನಂತರ ಅದರಲ್ಲಿ ಎಷ್ಟು ಉಳಿದಿತ್ತು ಎಂಬುದನ್ನು ಬರೆಯಿರಿ. ಲೆಕ್ಕದ ಪುಸ್ತಕದಂತೆ ಕಾಣುವ ಈ ಸಪ್ಪೆ ವಿಧಾನ ದೊಡ್ಡ ದೊಡ್ಡ ಸಿದ್ಧಾಂತಗಳಿಗಿಂತ ಹೆಚ್ಚಿನ ಗೊಂದಲವನ್ನು ಬಿಡಿಸುತ್ತದೆ ಎಂಬುದು ನನ್ನ ಅನುಭವ.

ಕೈಗೆತ್ತಿಕೊಂಡದ್ದು ಕ್ರಾಂತಿಯೇ ಹೌದೇ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು. ದಂಗೆಯಲ್ಲಿ ಜನ ಸಿಡಿಯುತ್ತಾರೆ, ವ್ಯವಸ್ಥೆ ಹಾಗೆಯೇ ಇರುತ್ತದೆ. ಸೇನಾಧಿಕಾರಿಗಳ ಕ್ಷಿಪ್ರಕ್ರಾಂತಿಯಲ್ಲಿ ಕುರ್ಚಿಯ ಮೇಲೆ ಕುಳಿತವರು ಬದಲಾಗುತ್ತಾರೆ, ಕುರ್ಚಿ ಬದಲಾಗುವುದಿಲ್ಲ. ಭೂಮಿ ಯಾರದ್ದು, ತೆರಿಗೆ ಯಾರ ಮೇಲೆ, ಆಳುವ ಹಕ್ಕು ಎಲ್ಲಿಂದ ಬಂತು ಎಂಬ ಮೂರು ಪ್ರಶ್ನೆಗಳ ಉತ್ತರವೂ ಬದಲಾಗಿದ್ದರೆ ಮಾತ್ರ ಮುಂದುವರಿಯಿರಿ.

ಆಮೇಲೆ ಹಳೆಯ ಸ್ಥಿತಿಯ ಚಿತ್ರವನ್ನು ಬರೆದುಕೊಳ್ಳಿ. ಅದಿಲ್ಲದೆ ಬದಲಾವಣೆಯನ್ನು ಅಳೆಯಲು ಕೋಲೇ ಇರುವುದಿಲ್ಲ. ಈ ವಿಷಯದಲ್ಲಿ ಫ್ರಾನ್ಸನ್ನು ಓದುವವರು ಅದೃಷ್ಟವಂತರು. 1789ರಲ್ಲಿ ಎಸ್ಟೇಟ್ಸ್ ಜನರಲ್, ಅಂದರೆ ಪಾದ್ರಿಗಳು, ಶ್ರೀಮಂತವರ್ಗ, ಸಾಮಾನ್ಯರು ಈ ಮೂರು ವರ್ಗಗಳ ಪ್ರತಿನಿಧಿಗಳ ಸಭೆ, ಸೇರುವ ಮುನ್ನ ಹಳ್ಳಿಹಳ್ಳಿಗಳ ಜನ ತಮ್ಮ ದೂರುಗಳನ್ನು ಪಟ್ಟಿ ಮಾಡಿ ಕಳುಹಿಸಿದ್ದರು, ಆ ಪಟ್ಟಿಗಳು ಸಾವಿರಾರು ಸಂಖ್ಯೆಯಲ್ಲಿ ಉಳಿದುಕೊಂಡಿವೆ. ಅವುಗಳಲ್ಲಿ ಗಣರಾಜ್ಯದ ಮಾತಿಲ್ಲ, ದೊರೆಯನ್ನು ಇಳಿಸುವ ಮಾತಿಲ್ಲ. ಉಪ್ಪಿನ ತೆರಿಗೆ ತಾಳಲಾರೆವು, ಧಣಿಗಳ ಬೇಟೆಗೆಂದು ಕಾಪಾಡಿದ ಪ್ರಾಣಿಗಳು ಬೆಳೆ ತಿನ್ನುತ್ತಿವೆ, ಅವರು ಸಾಕಿದ ಪಾರಿವಾಳಗಳು ಬಿತ್ತಿದ ಕಾಳನ್ನು ಆರಿಸಿಕೊಂಡು ಹೋಗುತ್ತಿವೆ, ಹೊಡೆಯಲು ನಮಗೆ ಅನುಮತಿಯಿಲ್ಲ, ಇಂಥ ದೂರುಗಳೇ ಅವುಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಆಗಸ್ಟ್ 4ರ ರಾತ್ರಿ, ಎಸ್ಟೇಟ್ಸ್ ಜನರಲ್‌ನಿಂದಲೇ ರೂಪುಗೊಂಡಿದ್ದ ರಾಷ್ಟ್ರೀಯ ಸಭೆ ಊಳಿಗಮಾನ್ಯ ಪದ್ಧತಿಯನ್ನು ರದ್ದುಗೊಳಿಸಲು ಹೊರಟಿತು. ಅದರ ಫಲವಾಗಿ ಬಂದ ಶಾಸನದ ಎರಡನೆಯ ವಿಧಿಯೇ ಪಾರಿವಾಳಗಳ ಕುರಿತದ್ದು. ಮೊದಲ ಬಾರಿ ಓದಿದಾಗ ಇದನ್ನು ತಮಾಷೆಯೆಂದುಕೊಂಡು ಪುಟ ಮಗುಚಿದ್ದೆ. ದೂರುಪಟ್ಟಿಗಳ ವಿಷಯ ತಿಳಿದ ಮೇಲೆ ಅದು ಎಷ್ಟು ಗಂಭೀರವಾದ ವಿಧಿ ಎಂಬುದು ಅರ್ಥವಾಯಿತು.

ನೋಟ್‌ಬುಕ್ಕಿನ ಎರಡು ಅಂಕಣಗಳ ಉಪಯೋಗ ಇಲ್ಲಿಯೇ ಕಾಣತೊಡಗುತ್ತದೆ. ಊಳಿಗಮಾನ್ಯ ಪದ್ಧತಿ ಸಂಪೂರ್ಣವಾಗಿ ನಾಶವಾಯಿತು ಎಂದು 1789ರ ಶಾಸನ ಸಾರಿದರೂ, ಜಮೀನಿಗೆ ಸಂಬಂಧಿಸಿದ ಎಷ್ಟೋ ಕಾಣಿಕೆ, ಕಂದಾಯಗಳಿಂದ ಬಿಡುಗಡೆ ಹೊಂದಲು ರೈತ ಧಣಿಗೆ ಪರಿಹಾರಧನ ಕೊಡಬೇಕಾಗಿತ್ತು. ಪರಿಹಾರವಿಲ್ಲದೆ ಅವೆಲ್ಲ ರದ್ದಾದದ್ದು 1793ರ ಜುಲೈನಲ್ಲಿ. ನಡುವಿನ ನಾಲ್ಕು ವರ್ಷ ಹಳ್ಳಿಗಳಲ್ಲಿ ಏಕೆ ಗಲಭೆಗಳು ನಿಲ್ಲಲಿಲ್ಲ ಎಂಬುದಕ್ಕೆ ಉತ್ತರ ಬಹುಮಟ್ಟಿಗೆ ಆ ಅಂತರದಲ್ಲಿಯೇ ಇದೆ.

ರಾಜಕೀಯದ ಮೇಲಿನ ಪರಿಣಾಮವನ್ನು ತಿಳಿಯಲು ಸಂವಿಧಾನದ ಪೀಠಿಕೆಯನ್ನು ಓದುವುದಕ್ಕಿಂತ ಕಚೇರಿಗಳನ್ನು ನೋಡುವುದು ಮೇಲು. ತೆರಿಗೆ ಯಾರು ವಸೂಲು ಮಾಡುತ್ತಾರೆ, ಜಿಲ್ಲೆಯ ಅಧಿಕಾರಿಯನ್ನು ಯಾರು ನೇಮಿಸುತ್ತಾರೆ, ಪೊಲೀಸರು ಯಾರ ಮಾತು ಕೇಳುತ್ತಾರೆ, ಆಳುವವರನ್ನು ರಕ್ತಪಾತವಿಲ್ಲದೆ ಇಳಿಸುವ ದಾರಿ ಇದೆಯೇ ಎಂದು ಕೇಳಿಕೊಳ್ಳಿ. ಫ್ರಾನ್ಸಿನಲ್ಲಿ 1790ರಲ್ಲಿ ಹಳೆಯ ಪ್ರಾಂತ್ಯಗಳನ್ನು ಅಳಿಸಿ 83 ‘ಡಿಪಾರ್ಟ್‌ಮೆಂಟ್’ಗಳನ್ನು ರಚಿಸಿದರು. ಅನಂತರ ಚಕ್ರವರ್ತಿಗಳು ಬಂದರು, ದೊರೆಗಳು ಮರಳಿದರು, ಗಣರಾಜ್ಯಗಳು ಒಂದರ ಮೇಲೊಂದು ಬಂದವು. ಸಂಖ್ಯೆ ಬದಲಾದರೂ ಆ ವಿಭಾಗಕ್ರಮ ಇಂದಿಗೂ ಇದೆ. ರಷ್ಯಾದಲ್ಲಿ ಇದಕ್ಕೆ ತಿರುಗುಮುರುಗು. 1917ರ ಕೊನೆಯಲ್ಲಿ ದೇಶವೇ ಮತ ಹಾಕಿ ಆರಿಸಿದ ಸಂವಿಧಾನ ಸಭೆ 1918ರ ಜನವರಿಯಲ್ಲಿ ಒಂದೇ ಒಂದು ಬಾರಿ ಕಲೆತು, ಮರುದಿನ ಬಾಗಿಲು ಮುಚ್ಚಿಸಿಕೊಂಡಿತು. ಅಲ್ಲಿಂದ ಮುಂದೆ ಅಧಿಕಾರದ ಜಾಡನ್ನು ಸೋವಿಯತ್ತುಗಳ, ಅಂದರೆ ಕಾರ್ಮಿಕರು, ಸೈನಿಕರು ಆರಿಸಿದ ಮಂಡಳಿಗಳ, ಕಡತಗಳಿಗಿಂತ ಬೋಲ್ಶೆವಿಕ್ ಪಕ್ಷದ ಸಮಿತಿಗಳಲ್ಲಿಯೇ ಹುಡುಕಬೇಕಾಗುತ್ತದೆ.

ಇನ್ನೂ ಸೂಕ್ಷ್ಮವಾದ ಉದಾಹರಣೆ ಮೆಕ್ಸಿಕೋ. ಪೋರ್ಫಿರಿಯೋ ಡಿಯಾಸ್ ಮತ್ತೆ ಮತ್ತೆ ಆರಿಸಿ ಬಂದು ಮೂರು ದಶಕಕ್ಕೂ ಹೆಚ್ಚು ಕಾಲ ದೇಶವನ್ನು ಹಿಡಿತದಲ್ಲಿ ಇಟ್ಟುಕೊಂಡಿದ್ದ. ಆದ್ದರಿಂದ 1910ರ ಕ್ರಾಂತಿಯ ಕೂಗೇ ‘ಮರು ಆಯ್ಕೆ ಬೇಡ’ ಎಂಬುದಾಗಿತ್ತು. ಆ ಕೂಗು ಗೆದ್ದಿತು: ಅಲ್ಲಿನ ಅಧ್ಯಕ್ಷರಿಗೆ ಇಂದಿಗೂ ಆರು ವರ್ಷದ ಒಂದೇ ಅವಧಿ. ಆದರೆ 1929ರಲ್ಲಿ ಹುಟ್ಟಿದ ಆಳುವ ಪಕ್ಷ ಎರಡು ಬಾರಿ ಹೆಸರು ಬದಲಿಸಿಕೊಂಡು 2000ದವರೆಗೆ ಅಧ್ಯಕ್ಷ ಪದವಿಯನ್ನು ಬಿಟ್ಟುಕೊಡಲಿಲ್ಲ. ನಿಯಮ ವ್ಯಕ್ತಿಯನ್ನು ಕಟ್ಟಿಹಾಕಿತು, ಪಕ್ಷ ನುಸುಳಿಕೊಂಡಿತು. ಕ್ರಾಂತಿ ತನ್ನ ಹಳೆಯ ಶತ್ರುವಿನ ವಿರುದ್ಧ ಬಾಗಿಲಿಗೆ ಬೀಗ ಹಾಕುವಾಗ ಕಿಟಕಿ ಯಾವುದು ತೆರೆದಿತ್ತು ಎಂಬುದನ್ನು ಪ್ರತಿ ಬಾರಿಯೂ ಕೇಳಿನೋಡಿ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಕ್ರಾಂತಿಯ ಹೆಸರಿಗೆ ಬರೆಯುವ ಎಷ್ಟೋ ಪರಿಣಾಮಗಳು ನಿಜವಾಗಿ ಅದರ ಬೆನ್ನಿಗೇ ಬಂದ ಯುದ್ಧದ್ದಾಗಿರುತ್ತವೆ. ಫ್ರಾನ್ಸ್ 1792ರಲ್ಲಿ ಆಸ್ಟ್ರಿಯಾದ ಮೇಲೆ ಯುದ್ಧ ಸಾರಿತು. ರಷ್ಯಾ 1918ರಿಂದ ಅಂತರ್ಯುದ್ಧದಲ್ಲಿ ಬೆಂದಿತು. 1979ರ ಕ್ರಾಂತಿಯ ಮರುವರ್ಷವೇ ಇರಾನಿನ ಮೇಲೆ ಇರಾಕ್ ದಾಳಿ ಮಾಡಿ, ಎಂಟು ವರ್ಷಗಳ ಕಾಳಗ ನಡೆಯಿತು. ಸೈನ್ಯಕ್ಕೆ ಕಡ್ಡಾಯ ಭರ್ತಿ, ಧಾನ್ಯದ ವಶ, ವಿರೋಧಿಗಳೆಲ್ಲ ದ್ರೋಹಿಗಳೆಂಬ ಭಾಷೆ ಇವು ಮುತ್ತಿಗೆಗೊಳಗಾದ ಯಾವ ಸರ್ಕಾರದಲ್ಲಿಯೂ ಕಾಣಿಸಿಕೊಳ್ಳಬಹುದಾದವು. ಯುದ್ಧದ ಸಾಲನ್ನು ಬೇರೆ ಬಣ್ಣದ ಶಾಯಿಯಲ್ಲಿ ಬರೆದರೆ ಎರಡನ್ನೂ ಬೆರೆಸುವ ತಪ್ಪು ತಪ್ಪುತ್ತದೆ.

ಜನರ ಬದುಕಿಗೆ ಬಂದಾಗ ಒಂದು ಸಾಮಾನ್ಯ ಘಟನೆಯನ್ನು ಆರಿಸಿಕೊಂಡು ಅದನ್ನೇ ಹತ್ತಿರದಿಂದ ನೋಡಿ. ನಾನು ಮದುವೆಯನ್ನು ಆರಿಸಿಕೊಳ್ಳುತ್ತೇನೆ. ಕ್ರಾಂತಿಗೆ ಮುನ್ನ ಫ್ರಾನ್ಸಿನಲ್ಲಿ ಹುಟ್ಟು, ಮದುವೆ, ಸಾವುಗಳ ದಾಖಲೆ ಇದ್ದದ್ದು ಚರ್ಚಿನ ಪಾದ್ರಿಯ ಪುಸ್ತಕದಲ್ಲಿ. 1787ರಲ್ಲಿ ದೊರೆಯೇ ರಿಯಾಯಿತಿ ಕೊಡುವವರೆಗೆ ಪ್ರಾಟೆಸ್ಟೆಂಟರ ಮದುವೆಗೆ ಕಾನೂನಿನ ಕಣ್ಣಲ್ಲಿ ಬೆಲೆಯೇ ಇರಲಿಲ್ಲ. 1792ರ ಸೆಪ್ಟೆಂಬರ್ 20ರಂದು ಆ ಪುಸ್ತಕ ಪುರಸಭೆಗೆ ಹೋಯಿತು. ಅಂದಿನಿಂದ ವಧೂವರರು ಸಾಕ್ಷಿಗಳೊಂದಿಗೆ ಒಬ್ಬ ಪುರಸಭಾ ಅಧಿಕಾರಿಯ ಮೇಜಿನ ಮುಂದೆ ನಿಂತು ಒಪ್ಪಿಗೆ ಹೇಳಿ, ದಾಖಲೆಗೆ ಸಹಿ ಹಾಕಿದರೆ ಮದುವೆ ಮುಗಿಯಿತು. ಯಾವ ಧರ್ಮ ಎಂಬ ಪ್ರಶ್ನೆ ಬರಲಿಲ್ಲ. ಅದೇ ದಿನ ಮತ್ತೊಂದು ಶಾಸನ ವಿಚ್ಛೇದನಕ್ಕೂ ಅವಕಾಶ ಕೊಟ್ಟಿತು, ಪರಸ್ಪರ ಒಪ್ಪಿಗೆಯಿದ್ದರೂ ಸಾಕಿತ್ತು. ಈಗ ಬಲಗಡೆಯ ಅಂಕಣ ತುಂಬಿ. ಪುರಸಭೆಯ ಪುಸ್ತಕ ಇಂದಿಗೂ ಅಲ್ಲಿಯೇ ಇದೆ. ವಿಚ್ಛೇದನದ ಹಕ್ಕು 1804ರಲ್ಲಿ ಬಿಗಿಯಾಯಿತು, 1816ರಲ್ಲಿ ಪೂರ್ತಿ ಹೋಯಿತು, 1884ರಲ್ಲಷ್ಟೇ ಮರಳಿತು. ಒಂದೇ ದಿನ ಹುಟ್ಟಿದ ಎರಡು ಶಾಸನಗಳ ಜಾತಕ ಇಷ್ಟು ಬೇರೆಯಾಗಲು ಕಾರಣವೇನು ಎಂದು ಯೋಚಿಸಿದರೆ, ದಾಖಲೆಯ ಪುಸ್ತಕದಿಂದ ಮುಂದಿನ ಎಲ್ಲ ಸರ್ಕಾರಗಳಿಗೂ ಪ್ರಯೋಜನವಿತ್ತು, ವಿಚ್ಛೇದನದಿಂದ ಪ್ರಯೋಜನವಿದ್ದದ್ದು ಮುಖ್ಯವಾಗಿ ಹೆಂಗಸರಿಗೆ ಎಂಬ ಉತ್ತರದ ಕಡೆಗೇ ನನ್ನ ಮನಸ್ಸು ವಾಲುತ್ತದೆ.

ಹೆಂಗಸರ ವಿಷಯವನ್ನು ಪ್ರತ್ಯೇಕ ಅಧ್ಯಾಯವಾಗಿ ಕೊನೆಗೆ ಸೇರಿಸುವ ರೂಢಿ ಅನೇಕ ಪಠ್ಯಗಳಲ್ಲಿದೆ. ನೀವು ಹಾಗೆ ಮಾಡಬೇಡಿ. ರಷ್ಯಾದಲ್ಲಿ ಚಕ್ರವರ್ತಿಯನ್ನು ಇಳಿಸಿದ ಅಲೆ ಎದ್ದದ್ದೇ 1917ರ ಮಾರ್ಚ್ 8ರಂದು, ಅಂದಿನ ರಾಜಧಾನಿ ಪೆಟ್ರೋಗ್ರಾಡಿನ ಬಟ್ಟೆ ಗಿರಣಿಗಳ ಹೆಣ್ಣಾಳುಗಳು ರೊಟ್ಟಿ ಕೇಳಿ ಬೀದಿಗಿಳಿದಾಗ. ಹೊಸ ಸರ್ಕಾರ 1920ರಲ್ಲಿ ಗರ್ಭಪಾತವನ್ನು ಕಾನೂನುಬದ್ಧಗೊಳಿಸಿತು, 1936ರಲ್ಲಿ ನಿಷೇಧಿಸಿತು, 1955ರಲ್ಲಿ ಮತ್ತೆ ಅನುಮತಿಸಿತು. ಫ್ರಾನ್ಸಿನಲ್ಲಿ ಒಲಿಂಪ್ ದ ಗೂಜ್ 1791ರಲ್ಲಿ ಹೆಣ್ಣಿನ ಹಕ್ಕುಗಳ ಘೋಷಣೆಯನ್ನು ಬರೆದಳು. 1793ರಲ್ಲಿ ಗಿಲೋಟಿನಿಗೆ ತಲೆ ಕೊಟ್ಟಳು. ಅಲ್ಲಿನ ಹೆಂಗಸರಿಗೆ ಮತದಾನದ ಹಕ್ಕು ಬಂದದ್ದು 1944ರಲ್ಲಿ. ಇರಾನಿನಲ್ಲಿ ಕ್ರಾಂತಿಯ ಬೆನ್ನಿಗೇ, ಮದುವೆ, ವಿಚ್ಛೇದನಗಳಲ್ಲಿ ಹೆಂಗಸರಿಗೆ ಹೆಚ್ಚಿನ ಹಕ್ಕು ಕೊಟ್ಟಿದ್ದ 1967ರ ಕುಟುಂಬ ರಕ್ಷಣಾ ಕಾನೂನು ಮೂಲೆಗೆ ಸರಿಯಿತು, ಉಡುಪಿನ ಮೇಲೆ ಕಟ್ಟುಪಾಡು ಬಂತು. ಆದರೂ ಇಪ್ಪತ್ತೊಂದನೆಯ ಶತಮಾನದ ಆರಂಭದ ಹೊತ್ತಿಗೆ ವಿಶ್ವವಿದ್ಯಾಲಯಕ್ಕೆ ಸೇರುವವರಲ್ಲಿ ಹೆಣ್ಣುಮಕ್ಕಳೇ ಅರ್ಧಕ್ಕಿಂತ ಹೆಚ್ಚಾಗಿದ್ದರು. ಒಂದೇ ಕ್ರಾಂತಿ ಒಂದು ಕೈಯಿಂದ ಕಸಿದು ಇನ್ನೊಂದರಿಂದ ಕೊಡುವುದನ್ನು ಹೀಗೆ ಎದುರುಬದುರಾಗಿ ಬರೆದಿಟ್ಟರೆ ಮಾತ್ರ ಕಾಣುತ್ತದೆ.

ಅಂಕಿಅಂಶಗಳನ್ನು ಉಪಯೋಗಿಸುವಾಗ ಆರಂಭದ ಬಿಂದುವನ್ನು ಮರೆಯಬಾರದು. 1897ರ ಜನಗಣತಿಯಲ್ಲಿ ರಷ್ಯಾ ಸಾಮ್ರಾಜ್ಯದ 9ರಿಂದ 49 ವಯಸ್ಸಿನವರಲ್ಲಿ ಸಾಕ್ಷರರು ಶೇ. 28ರಷ್ಟಿದ್ದರು, 1939ರ ಸೋವಿಯತ್ ಜನಗಣತಿಯಲ್ಲಿ ಅದೇ ವಯೋಮಾನದವರಲ್ಲಿ ಶೇ. 87ರಷ್ಟು. ಏರಿಕೆ ದೊಡ್ಡದು, ನಿಜ. ಆದರೆ 1917ಕ್ಕೆ ಮೊದಲೇ ಶಾಲೆಗಳು ಹೆಚ್ಚುತ್ತಿದ್ದವು, ಗಡಿಗಳೂ ಬದಲಾಗಿದ್ದವು. ಪೂರ್ತಿ ವ್ಯತ್ಯಾಸವನ್ನು ಕ್ರಾಂತಿಯ ಖಾತೆಗೆ ಜಮಾ ಮಾಡುವುದು ಸರಿಯಾಗದು.

ಕೆರಿಬಿಯನ್ ಕಡಲಿನಲ್ಲಿ ಫ್ರಾನ್ಸಿನ ವಸಾಹತಾಗಿದ್ದ ಹೈಟಿಯ ಕತೆ ಓದುವಾಗ ಪುಟದಲ್ಲಿ ಮೂರನೆಯ ಅಂಕಣವೊಂದನ್ನು ಎಳೆಯಲೇಬೇಕು: ಹೊರಗಿನವರು ಏನು ಮಾಡಿದರು? 1791ರಲ್ಲಿ ಎದ್ದ ಗುಲಾಮರು 1804ರ ಜನವರಿ 1ರಂದು ಸ್ವತಂತ್ರ ದೇಶವನ್ನೇ ಕಟ್ಟಿದರು. 1825ರಲ್ಲಿ ಫ್ರಾನ್ಸ್ ಯುದ್ಧನೌಕೆಗಳನ್ನು ಮುಂದಿಟ್ಟುಕೊಂಡು, ಕಳೆದುಹೋದ ತೋಟ ಮತ್ತು ‘ಆಸ್ತಿ’ಗೆ ಪರಿಹಾರವೆಂದು 15 ಕೋಟಿ ಫ್ರಾಂಕ್ ಕೇಳಿತು, 1838ರಲ್ಲಿ ಅದನ್ನು 9 ಕೋಟಿಗೆ ಇಳಿಸಲಾಯಿತು. ಬಿಡುಗಡೆಗೊಂಡವರ ಮಕ್ಕಳು, ಮೊಮ್ಮಕ್ಕಳು ಬೆಳೆದ ಕಾಫಿಯ ಹಣ ಹಳೆಯ ಯಜಮಾನರ ದೇಶಕ್ಕೆ ಹೋಯಿತು. ಅಮೆರಿಕ ಸಂಯುಕ್ತ ಸಂಸ್ಥಾನ ಈ ದೇಶವನ್ನು ಮಾನ್ಯ ಮಾಡಿದ್ದು 1862ರಲ್ಲಿ. ಹೈಟಿಯ ಬಡತನವನ್ನು ಅದರ ಕ್ರಾಂತಿಯ ಫಲವೆಂದು ಬರೆಯುವವರು ಈ ಅಂಕಣವನ್ನು ಖಾಲಿ ಬಿಟ್ಟಿರುತ್ತಾರೆ.

ಸಂಸ್ಕೃತಿಯ ಬದಲಾವಣೆಯನ್ನು ಹಿಡಿಯಲು ಮಹಾಕೃತಿಗಳಿಗೆ ಹೋಗುವ ಮೊದಲು ಸಂಬೋಧನೆ, ಕಾಲಮಾನ, ಅಳತೆ, ಕಾಗುಣಿತಗಳನ್ನು ಗಮನಿಸಿ. ಕನ್ನಡದ ನೀನು, ನೀವುಗಳಂತೆ ಫ್ರೆಂಚ್ ಭಾಷೆಯಲ್ಲಿಯೂ ಏಕವಚನ, ಬಹುವಚನಗಳ ಅಂತರವಿದೆ. 1793ರ ಸುಮಾರಿಗೆ ಎಲ್ಲರೂ ಎಲ್ಲರನ್ನೂ ಏಕವಚನದಲ್ಲಿಯೇ ಮಾತನಾಡಿಸಬೇಕು, ‘ಮಹಾಶಯ’ರೆಲ್ಲ ‘ಪೌರ’ರಾಗಬೇಕು ಎಂಬ ಒತ್ತಾಯ ಹಬ್ಬಿತು. ಹುಟ್ಟಿದಂದಿನಿಂದ ಬಹುವಚನ ಕೇಳಿ ಬೆಳೆದವನಿಗೆ ಅಂಗಡಿಯಾತ ‘ನೀನು’ ಎಂದಾಗ ಆದ ಆಘಾತವನ್ನು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ಆ ರೂಢಿ ಕೆಲವೇ ವರ್ಷ ಬಾಳಿತು.

ಕ್ಯಾಲೆಂಡರಿನದೂ ಅದೇ ಗತಿ. 1793ರಲ್ಲಿ ಜಾರಿಯಾದ ಗಣರಾಜ್ಯದ ಕ್ಯಾಲೆಂಡರಿನಲ್ಲಿ ತಿಂಗಳಿಗೆ 30 ದಿನ, ವಾರಕ್ಕೆ 10 ದಿನ. ಏಳು ದಿನಕ್ಕೊಮ್ಮೆ ಸಿಗುತ್ತಿದ್ದ ಬಿಡುವು ಹತ್ತು ದಿನಕ್ಕೊಮ್ಮೆಯಾದರೆ ಕೂಲಿಯಾಳು ಅದನ್ನು ಪ್ರೀತಿಸುವುದು ಹೇಗೆ? ಭಾನುವಾರದ ಪೂಜೆಯನ್ನು ತಪ್ಪಿಸಿದ್ದಕ್ಕೆ ಭಕ್ತರ ಸಿಟ್ಟು ಬೇರೆ. ನೆಪೋಲಿಯನ್ 1806ರ ಜನವರಿ 1ರಿಂದ ಅದನ್ನು ಕೈಬಿಟ್ಟ. ಆದರೆ ಅದೇ ದಶಮಾನದ ಹುಚ್ಚಿನಿಂದಲೇ ಹುಟ್ಟಿದ ಮೀಟರು, ಕಿಲೋಗ್ರಾಂಗಳು 1812ರಲ್ಲಿ ಒಮ್ಮೆ ಹಿಂಜರಿದು, 1840ರಿಂದ ಫ್ರಾನ್ಸಿನಲ್ಲಿ ಮತ್ತೆ ಕಡ್ಡಾಯವಾಗಿ, ಕೊನೆಗೆ ಜಗತ್ತಿನ ಬಹುಭಾಗದ ತಕ್ಕಡಿಯನ್ನೇ ಏರಿದವು. ವ್ಯಾಪಾರಿಗೂ ಅಧಿಕಾರಿಗೂ ಲೆಕ್ಕವನ್ನು ಸುಲಭ ಮಾಡಿದ್ದು ಉಳಿಯಿತು, ಬೆವರು ಸುರಿಸುವವನ ಬಿಡುವನ್ನು ಕಿತ್ತುಕೊಂಡದ್ದು ಉಳಿಯಲಿಲ್ಲ.

ರಷ್ಯಾ 13 ದಿನ ಹಿಂದಿದ್ದ ಹಳೆಯ ಜೂಲಿಯನ್ ಕ್ಯಾಲೆಂಡರನ್ನು ಬಿಟ್ಟು ಇಂದು ನಾವು ಬಳಸುವ ಕ್ಯಾಲೆಂಡರಿಗೆ ಬಂದಾಗ, ಅಲ್ಲಿ 1918ರ ಜನವರಿ 31ರ ಮರುದಿನ ಫೆಬ್ರವರಿ 14. ಹಾಗಾಗಿಯೇ ‘ಅಕ್ಟೋಬರ್ ಕ್ರಾಂತಿ’ಯ ವಾರ್ಷಿಕೋತ್ಸವ ನವೆಂಬರ್ 7ಕ್ಕೆ ಬೀಳತೊಡಗಿತು; ದಿನಾಂಕಗಳನ್ನು ಬರೆದುಕೊಳ್ಳುವಾಗ ಯಾವ ಕ್ಯಾಲೆಂಡರ್ ಎಂದು ನಮೂದಿಸದಿದ್ದರೆ 13 ದಿನಗಳ ತಪ್ಪು ನುಸುಳುತ್ತದೆ. ಅದೇ ಕಾಲದಲ್ಲಿ ಕಾಗುಣಿತದ ಸುಧಾರಣೆಯಿಂದ ಕೆಲವು ಅಕ್ಷರಗಳೇ ವರ್ಣಮಾಲೆಯಿಂದ ಹೋದವು. ದೇಶ ಬಿಟ್ಟು ಹೋದವರ ಪತ್ರಿಕೆಗಳು ಎಷ್ಟೋ ಕಾಲ ಹಳೆಯ ಕಾಗುಣಿತವನ್ನು ಬಿಡಲಿಲ್ಲವಾದ್ದರಿಂದ, ಒಂದು ಪುಟವನ್ನು ಓದುವ ಮೊದಲೇ, ಬರಿಯ ಅಕ್ಷರಗಳನ್ನು ನೋಡಿ, ಅದು ಯಾವ ಪಾಳೆಯದ್ದೆಂದು ಹೇಳಬಹುದಾಗಿತ್ತು.

ಚಿತ್ರ, ಹಾಡು, ಪ್ರತಿಮೆಗಳನ್ನು ಸಾಕ್ಷಿಯಾಗಿ ಬಳಸುವಾಗ ಹಣ ಯಾರದ್ದು ಎಂದು ಕೇಳಿ. 1920ರ ದಶಕದಿಂದ ಮೆಕ್ಸಿಕೋದ ಸರ್ಕಾರಿ ಕಟ್ಟಡಗಳ ಗೋಡೆಗಳ ಮೇಲೆ ಡಿಯೆಗೋ ರಿವೇರಾ ಮೊದಲಾದವರು ಬರೆದ ಭಿತ್ತಿಚಿತ್ರಗಳು ಅದ್ಭುತವಾದವು. ಆದರೆ ಗೋಡೆ ಕೊಟ್ಟದ್ದು ಗೆದ್ದವರ ಸರ್ಕಾರ. ರೈತನ ಮಾತು ಬೇಕಿದ್ದರೆ ಭೂದಾಖಲೆ, ನ್ಯಾಯಾಲಯದ ಕಡತ, ಅರ್ಜಿಗಳ ಕಡೆಗೇ ಹೋಗಬೇಕು.

ಕೊನೆಯದಾಗಿ, ನೆನಪಿಗೂ ಒಂದು ಪುಟ ಮೀಸಲಿಡಿ. ಜುಲೈ 14 ಫ್ರಾನ್ಸಿನ ರಾಷ್ಟ್ರೀಯ ಹಬ್ಬವಾದದ್ದು 1880ರಲ್ಲಿ, ಕೋಟೆ ಬಿದ್ದು 91 ವರ್ಷಗಳಾದ ಮೇಲೆ. ರಷ್ಯಾದಲ್ಲಿ ನವೆಂಬರ್ 7ರ ರಜೆಯ ಬದಲು 2005ರಿಂದ ನವೆಂಬರ್ 4ರಂದು ಬೇರೊಂದು ಹಬ್ಬ ನಡೆಯುತ್ತಿದೆ. ಪೆಟ್ರೋಗ್ರಾಡ್ 1924ರಲ್ಲಿ ಲೆನಿನ್‌ಗ್ರಾಡ್ ಆಯಿತು, 1991ರಲ್ಲಿ ಮತ್ತೆ ಸೇಂಟ್ ಪೀಟರ್ಸ್‌ಬರ್ಗ್ ಆಯಿತು. ನಗರದ ಎಲ್ಲೆ ದಾಟಿದರೆ ಸಿಗುವ ಪ್ರಾಂತ್ಯದ ಹೆಸರು ಮಾತ್ರ ಇಂದಿಗೂ ಲೆನಿನ್‌ಗ್ರಾಡ್.