ಕಂತು ಬಾಕಿ ಇರುವ ಫೋನು: ಬೀಗ ಯಾವುದು, ಯಾರದ್ದು, ತೆಗೆಸೋದು ಹೇಗೆ

ನನ್ನ ಮೇಜಿನ ಡ್ರಾಯರಿನಲ್ಲಿ ಒಂದು ಫೋನ್ ಇದೆ. ಪರದೆ ಚೆನ್ನಾಗಿದೆ, ಕ್ಯಾಮೆರಾ ಚೆನ್ನಾಗಿದೆ, ಬ್ಯಾಟರಿಗೂ ಏನೂ ಆಗಿಲ್ಲ. ಕಾಲ್ ಮಾತ್ರ ಹೋಗಲ್ಲ.

ಕೆಲಸ ಬಿಟ್ಟು ಹೊರಟಿದ್ದ ಸಹೋದ್ಯೋಗಿಯೊಬ್ಬರಿಂದ ಕೊಂಡಿದ್ದು. "ಕಂತು ಏನಾದರೂ ಬಾಕಿ ಇದೆಯಾ ಸರ್?" ಅಂತ ಕೇಳಿದ್ದೆ. "ಇಲ್ಲಪ್ಪ, ಎಲ್ಲ ಕ್ಲಿಯರ್" ಅಂದಿದ್ದರು. ಅವರು ಬಳಸುತ್ತಿದ್ದ ಕಂಪನಿಯದ್ದೇ ಸಿಮ್ ನನ್ನದೂ. ಹಾಕಿದೆ, ನಡೀತು. ಮೂರು ತಿಂಗಳು ಒಂದು ತೊಂದರೆ ಇಲ್ಲ. ಆಮೇಲೆ ಒಂದು ಬೆಳಿಗ್ಗೆ ನೋಡಿದರೆ ಸಿಗ್ನಲ್ ಕಡ್ಡಿಗಳೇ ಮಾಯ. ಬೇರೆ ಕಂಪನಿಯ ಸಿಮ್ ಹಾಕಿದೆ, ಅದಕ್ಕೂ ಸಿಗ್ನಲ್ ಇಲ್ಲ. ಓಹೋ, ಕ್ಯಾರಿಯರ್ ಲಾಕ್ (ಫೋನನ್ನು ಒಂದೇ ಮೊಬೈಲ್ ಕಂಪನಿಯ ಸಿಮ್ಮಿಗೆ ಕಟ್ಟಿಹಾಕುವ ಬೀಗ) ಇರಬೇಕು ಅಂದುಕೊಂಡು ಅನ್‌ಲಾಕ್ ಮಾಡಿಕೊಡುತ್ತೇವೆ ಅನ್ನುವ ಒಂದು ವೆಬ್‌ಸೈಟಿಗೆ ದುಡ್ಡು ಕಟ್ಟಿದೆ. ಫೋನಿಗೆ ಏನೂ ಆಗಲಿಲ್ಲ, ದುಡ್ಡು ಮಾತ್ರ ಹೋಯಿತು.

ಆಗ ಗೊತ್ತಾಗಿದ್ದು ಇಷ್ಟು: ನಾನು ಬೀಗ ಯಾವುದು ಅಂತ ನೋಡದೆ ಬೀಗದ ಕೈ ಕೊಂಡಿದ್ದೆ. ಕಂತಿನ ಫೋನಿಗೆ ಬೀಳುವ ಬೀಗ ಒಂದಲ್ಲ, ಮೂರು. ಹಾಕುವವರು ಬೇರೆ, ಹಾಕುವ ಜಾಗ ಬೇರೆ, ತೆಗೆಸುವ ದಾರಿಯೂ ಬೇರೆ. ಅದಕ್ಕೇ ಮೊದಲು ಗುರುತು ಹಿಡಿಯೋಣ.

ಮೂರು ಬೀಗಗಳು

ಮೊದಲನೆಯದು ಸಿಮ್ ಲಾಕ್. ಕ್ಯಾರಿಯರ್ ಲಾಕ್ ಅನ್ನುವುದೂ ಇದನ್ನೇ. ಕ್ಯಾರಿಯರ್ ಅಂದರೆ ಸಿಮ್ ಕೊಡುವ ಕಂಪನಿ, ಕೆಲವು ದೇಶಗಳಲ್ಲಿ ಕಂತಿನ ಮೇಲೆ ಫೋನ್ ಮಾರುವವರೂ ಅವರೇ. ಪ್ರತಿ ಸಿಮ್ಮಿನೊಳಗೂ ಒಂದು ಸಂಖ್ಯೆ ಇರುತ್ತದೆ. ಅದರ ಮೊದಲ ಐದಾರು ಅಂಕಿಗಳು ದೇಶ ಯಾವುದು, ಕಂಪನಿ ಯಾವುದು ಅಂತ ಹೇಳುತ್ತವೆ. ಲಾಕ್ ಆದ ಫೋನ್ ಆ ಅಂಕಿಗಳನ್ನು ಓದಿ, ತನ್ನ ಕಂಪನಿಯದ್ದಾದರೆ ಒಳಗೆ ಬಿಡುತ್ತದೆ, ಇಲ್ಲವಾದರೆ 'ಸಿಮ್ ನಾಟ್ ಸಪೋರ್ಟೆಡ್' ಅಂತಲೋ, ಅನ್‌ಲಾಕ್ ಕೋಡ್ ಹಾಕಿ ಅಂತಲೋ ತಡೆಯುತ್ತದೆ. ಇ-ಸಿಮ್, ಅಂದರೆ ಕಾರ್ಡ್ ಇಲ್ಲದ ಸಿಮ್, ಹಾಕಿದರೆ ತಪ್ಪಿಸಿಕೊಳ್ಳಬಹುದು ಅಂತ ಕೆಲವರು ನಂಬಿದ್ದಾರೆ. ಆಗಲ್ಲ. ಬೀಗ ಇರುವುದು ಸಿಮ್ಮಿನ ತೂತಿಗಲ್ಲ, ಫೋನಿಗೆ.

ಎರಡನೆಯದು ಬ್ಲಾಕ್‌ಲಿಸ್ಟ್. ಇದು ಫೋನಿನ ಒಳಗೆ ಇರುವುದೇ ಇಲ್ಲ, ನೆಟ್‌ವರ್ಕಿನಲ್ಲಿ ಇರುತ್ತದೆ. ಪ್ರತಿ ಫೋನಿಗೂ 15 ಅಂಕಿಯ ಐಎಂಇಐ ನಂಬರ್ ಉಂಟಲ್ಲ, ಅದನ್ನು 'ಕಳುವಾಗಿದೆ' ಅಥವಾ 'ಕಂತು ಕಟ್ಟಿಲ್ಲ' ಅಂತ ಪಟ್ಟಿಗೆ ಸೇರಿಸುತ್ತಾರೆ. ಸೇರಿದ ಮೇಲೆ ಫೋನ್ ಅನ್‌ಲಾಕ್ ಆಗಿದ್ದರೂ ಟವರ್ ಅದನ್ನು ಹತ್ತಿರ ಸೇರಿಸಲ್ಲ. ಆ ಪಟ್ಟಿಯನ್ನು ಪಾಲಿಸುವ ಯಾವ ಕಂಪನಿಯ ಸಿಮ್ ಹಾಕಿದರೂ ಅಷ್ಟೇ. ನನ್ನ ಡ್ರಾಯರಿನ ಫೋನಿಗೆ ಆಗಿದ್ದು ಇದೇ. ಮಾರಿದವರು ಹೊಸ ಊರಿಗೆ ಹೋಗಿ ಕಂತು ಕಟ್ಟೋದು ನಿಲ್ಲಿಸಿದರು, ಕಂಪನಿ ನಂಬರನ್ನು ಪಟ್ಟಿಗೆ ಹಾಕಿತು. ಸಾಲ ಅವರ ಹೆಸರಿನಲ್ಲಿ, ಶಿಕ್ಷೆ ಫೋನಿಗೆ, ಫೋನ್ ನನ್ನ ಕೈಲಿ.

ಮೂರನೆಯದು ಫೈನಾನ್ಸ್ ಲಾಕ್. ಇದನ್ನು ಹಾಕುವುದು ಸಾಲ ಕೊಟ್ಟವರು. ಕಂತು ತಪ್ಪಿದರೆ ಪರದೆಯೇ ಮುಚ್ಚಿಕೊಳ್ಳುತ್ತದೆ. ಹಣ ಕಟ್ಟಿ ಅನ್ನುವ ಸೂಚನೆ, ತುರ್ತು ಕರೆಯ ಬಟನ್, ಇಷ್ಟೇ ಕಾಣುವುದು. ಸ್ಯಾಮ್‌ಸಂಗಿನಲ್ಲಿ ಇದಕ್ಕೆ ನಾಕ್ಸ್ ಗಾರ್ಡ್ ಅನ್ನುವ ವ್ಯವಸ್ಥೆ ಇದೆ, ಆಂಡ್ರಾಯ್ಡಿನಲ್ಲಿ ಗೂಗಲ್‌ನದ್ದೇ ಒಂದು ಇದೆ. ಫ್ಯಾಕ್ಟರಿ ರೀಸೆಟ್ ಮಾಡಿದರೆ ಹೋಗುತ್ತೆ ಅಂದುಕೊಳ್ಳಬೇಡಿ. ಇಂಥ ಫೋನಿನ ನಂಬರ್ ಸರ್ವರಿನಲ್ಲಿ ನೋಂದಣಿ ಆಗಿರುತ್ತದೆ. ರೀಸೆಟ್ ಆಗಿ ವೈಫೈ ಸಿಕ್ಕ ಕೂಡಲೇ ಬೀಗ ಮತ್ತೆ ಬಂದು ಕೂರುತ್ತದೆ.

ಆಪಲ್ ಅಕೌಂಟ್ (ಹಿಂದಿನ ಆಪಲ್ ಐಡಿ), ಗೂಗಲ್ ಅಕೌಂಟ್ ಕೇಳಿ ತಡೆಯುವ ಬೀಗಕ್ಕೂ ಕಂತಿಗೂ ಸಂಬಂಧ ಇಲ್ಲ. ಹಳೆಯ ಮಾಲೀಕರು ಲಾಗೌಟ್ ಮಾಡಿಕೊಟ್ಟರೆ ಮುಗೀತು.

ಗುರುತು ಹಿಡಿಯೋದು

ಐಫೋನ್ ಆದರೆ ಸುಲಭ. ಸೆಟಿಂಗ್ಸ್, ಜನರಲ್, ಅಬೌಟ್. ಕೆಳಗೆ ಹೋದರೆ 'ಕ್ಯಾರಿಯರ್ ಲಾಕ್' ಅನ್ನುವ ಸಾಲು. ಅದರ ಎದುರು 'ನೋ ಸಿಮ್ ರಿಸ್ಟ್ರಿಕ್ಷನ್ಸ್' ಅಂತಿದ್ದರೆ ಸಿಮ್ ಲಾಕ್ ಇಲ್ಲ. ಗಮನಿಸಿ, ಈ ಸಾಲು ಬ್ಲಾಕ್‌ಲಿಸ್ಟ್ ಬಗ್ಗೆ ಏನೂ ಹೇಳಲ್ಲ. ನಾನು ಬಿದ್ದ ಗುಂಡಿ ಅದೇ. ಅದನ್ನು ಮೊದಲೇ ತೆರೆದು ನೋಡಿದ್ದರೆ 'ಲಾಕ್ ಇಲ್ಲ, ಆದರೂ ಸಿಗ್ನಲ್ ಇಲ್ಲ, ಹಾಗಾದರೆ ಇದು ಬೇರೆ ಕಾಯಿಲೆ' ಅಂತ ಹೊಳೆಯುತ್ತಿತ್ತು.

ಆಂಡ್ರಾಯ್ಡಿನಲ್ಲಿ ಸೆಟಿಂಗ್ಸ್ ಒಂದೊಂದು ಬ್ರ್ಯಾಂಡಿಗೆ ಒಂದೊಂದು ಥರ. ಹುಡುಕಿ ಸುಸ್ತಾಗುವ ಬದಲು ಬೇರೆ ಕಂಪನಿಯ ಸಿಮ್ ಹಾಕಿ ನೋಡಿ. ಹಾಕಿದ ಸಿಮ್ ಅದೇ ನೆಟ್‌ವರ್ಕನ್ನು ಬಾಡಿಗೆಗೆ ಪಡೆದು ನಡೆಸುವ ಚಿಕ್ಕ ಕಂಪನಿಯದ್ದಾದರೆ ಲೆಕ್ಕಕ್ಕಿಲ್ಲ, ಅದು ಲಾಕ್ ಇದ್ದರೂ ಕೆಲವೊಮ್ಮೆ ನಡೆಯುತ್ತದೆ.

ಆಮೇಲೆ, ಬ್ಲಾಕ್‌ಲಿಸ್ಟ್ ಆಗಿದೆಯಾ ಅಂತ ತಿಳಿಯಲು, ಡಯಲ್ ಮಾಡುವ ಜಾಗದಲ್ಲಿ *#06# ಒತ್ತಿ. ಐಎಂಇಐ ಬರುತ್ತದೆ. ಎರಡು ಸಿಮ್ಮಿನ ಫೋನಾದರೆ ಎರಡು ನಂಬರ್, ಎರಡನ್ನೂ ಬರೆದುಕೊಳ್ಳಿ. ಡಬ್ಬದ ಮೇಲಿನ ನಂಬರಿಗೆ ಹೋಲಿಸಿ. ಅದನ್ನು ಫೋನ್ ಮಾರಿದ ಮೂಲ ಸಿಮ್ ಕಂಪನಿಯ ತಾಣದಲ್ಲಿ ಹಾಕಿ ನೋಡಿ, ಅಥವಾ ಗ್ರಾಹಕ ಸೇವೆಗೆ ಓದಿ ಹೇಳಿ. ಬೇರೆಯವರ ಸಾಲ ಎಷ್ಟಿದೆ ಅಂತ ಅವರು ಹೇಳಲ್ಲ, ಹೇಳಲೂಬಾರದು. 'ಈ ನಂಬರನ್ನು ನಿಮ್ಮ ನೆಟ್‌ವರ್ಕಿನಲ್ಲಿ ಆನ್ ಮಾಡಬಹುದಾ' ಅಂತ ಕೇಳಿದರೆ ಮಾತ್ರ ಬಹುತೇಕ ಉತ್ತರ ಸಿಗುತ್ತದೆ.

ಈ ವಿಷಯದಲ್ಲಿ ನನಗೆ ಇಷ್ಟವಾಗಿದ್ದು ಜಪಾನಿನಲ್ಲಿ ಬಂದ ಪದ್ಧತಿ. ಅಲ್ಲಿನ ದೊಡ್ಡ ಕಂಪನಿಗಳ ತಾಣದಲ್ಲಿ ಐಎಂಇಐ ಹಾಕಿದರೆ ಒಂದು ಗುರುತು ತೋರಿಸುತ್ತಿದ್ದರು. ವೃತ್ತ ಬಂದರೆ ತೊಂದರೆ ಇಲ್ಲ. ತ್ರಿಕೋನ ಬಂದರೆ ಕಂತು ಇನ್ನೂ ನಡೆಯುತ್ತಿದೆ, ಮುಂದೆ ಬಂದ್ ಆಗಬಹುದು. ಕತ್ತರಿ ಗುರುತು (×) ಬಂದರೆ ಆಗಲೇ ಬಂದ್. ಹಳೆ ಫೋನ್ ಮಾರುವವರು ಆ ಗುರುತನ್ನು ಬೆಲೆಯ ಪಕ್ಕದಲ್ಲೇ ಬರೆದು ಇಡುತ್ತಿದ್ದರು. ಬಂದ್ ಆದ ಫೋನಿಗೆ 'ಅಕಾ ರೋಮು', ಅಂದರೆ ಕೆಂಪು ರೋಮ್ (ROM), ಅಂತ ಅಡ್ಡಹೆಸರೂ ಬಿತ್ತು. ನನ್ನ ಫೋನು ನಾನು ಕೊಂಡ ದಿನ ತ್ರಿಕೋನ, ಮೂರು ತಿಂಗಳಿಗೆ ಕತ್ತರಿ. ಆ ತ್ರಿಕೋನ ತೋರಿಸುವವರು ಯಾರೂ ಇರಲಿಲ್ಲ ಅಷ್ಟೇ.

ಕಂತು ನಿಮ್ಮದೇ ಆಗಿದ್ದರೆ

ಮೊದಲು ದೇಶದ ನಿಯಮ ನೋಡಿ. ಕೆನಡಾದಲ್ಲಿ 2017ರ ಡಿಸೆಂಬರ್ 1ರಿಂದ ಹೊಸ ಫೋನನ್ನು ಲಾಕ್ ಮಾಡಿ ಕೊಡುವ ಹಾಗಿಲ್ಲ, ಹಳೆಯದನ್ನು ಪುಕ್ಕಟೆ ಅನ್‌ಲಾಕ್ ಮಾಡಿಕೊಡಬೇಕು. ಬ್ರಿಟನ್ನಿನಲ್ಲಿ 2021ರ ಡಿಸೆಂಬರಿನಿಂದ ಲಾಕ್ ಆದ ಫೋನ್ ಮಾರುವಂತಿಲ್ಲ. ಜಪಾನಿನಲ್ಲೂ ಅದೇ ವರ್ಷದ ಅಕ್ಟೋಬರಿನಿಂದ ಹೊಸ ಫೋನಿಗೆ ಸಿಮ್ ಲಾಕ್ ಹಾಕುವುದನ್ನು ನಿಲ್ಲಿಸಿದರು. ಅಲ್ಲೆಲ್ಲ ಕಂತು ಬಾಕಿ ಇದ್ದರೂ ಹೊಸ ಫೋನ್ ಸಿಮ್ಮಿನ ಮಟ್ಟಿಗೆ ಸ್ವತಂತ್ರ. ಅಮೆರಿಕದ್ದು ಬೇರೆ ಕಥೆ. 2014ರ ಕಾಯ್ದೆ ಗ್ರಾಹಕರು ತಮ್ಮ ಫೋನ್ ಅನ್‌ಲಾಕ್ ಮಾಡಿಸಿಕೊಳ್ಳುವುದು ತಪ್ಪಲ್ಲ ಅಂದಿತು. ಲಾಕ್ ಹಾಕುವುದೇ ತಪ್ಪು ಅಂತ ಅನ್ನಲಿಲ್ಲ. ಹಾಗಾಗಿ ಅಲ್ಲಿ ಹಲವು ಕಂಪನಿಗಳದ್ದು ಕಂತು ಪೂರ್ತಿ ತೀರಬೇಕು, ಜೊತೆಗೆ ಇಷ್ಟು ದಿನ ಅದೇ ನೆಟ್‌ವರ್ಕಿನಲ್ಲಿ ಓಡಿರಬೇಕು ಅನ್ನುವ ಷರತ್ತುಗಳು.

ಕಂತು ಮುಗಿಸಿ ಅನ್‌ಲಾಕ್ ಕೇಳುವ ಮುಂಚೆ ಒಂದು ಮಾತು. 'ಪುಕ್ಕಟೆ ಫೋನ್' ಅಂತ ಕೊಟ್ಟಿದ್ದರೆ ನಿಮ್ಮ ಬಿಲ್ಲನ್ನು ಸರಿಯಾಗಿ ಓದಿ. ಅದು ಬಹುಪಾಲು ಪುಕ್ಕಟೆ ಅಲ್ಲ. ಪ್ರತಿ ತಿಂಗಳು ಕಂತು ಹಾಕಿ, ಅಷ್ಟೇ ಮೊತ್ತ ವಾಪಸ್ ಜಮಾ ಮಾಡುತ್ತಾರೆ, 24 ಅಥವಾ 36 ತಿಂಗಳು. ನೀವು ಆತುರಪಟ್ಟು ಉಳಿದಿದ್ದನ್ನು ಒಟ್ಟಿಗೆ ಕಟ್ಟಿದರೆ ಮುಂದಿನ ಜಮಾ ನಿಂತುಹೋಗಬಹುದು. ಪುಕ್ಕಟೆ ಫೋನಿಗೆ ಪೂರ್ತಿ ದುಡ್ಡು ಕೊಟ್ಟ ಹಾಗೆ ಆಗುತ್ತದೆ, ಅಲ್ವಾ? ಕಟ್ಟುವ ಮುಂಚೆ 'ಈಗ ತೀರಿಸಿದರೆ ಜಮಾ ಮುಂದುವರಿಯುತ್ತಾ' ಅಂತ ಬರಹದಲ್ಲಿ ಕೇಳಿ.

ಕಟ್ಟಿದ್ದಾಯಿತು. ಈಗ ಕೆಲವು ದಿನ ಸುಮ್ನೆ ಇರಿ. ಹಣ ಬ್ಯಾಂಕಿನಿಂದ ಹೋದ ದಿನವೇ ಕಂಪನಿಯ ಲೆಕ್ಕಕ್ಕೆ ಏರುತ್ತದೆ ಅಂತ ಇಲ್ಲ. ಅಕೌಂಟಿನಲ್ಲಿ ಫೋನಿನ ಬಾಕಿ ಸೊನ್ನೆ ಅಂತ ಕಂಡ ಮೇಲೆ ಅದರ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಅರ್ಜಿ ಹಾಕಿ. ಮೊದಲೇ ಹಾಕಿ ತಿರಸ್ಕಾರ ಆದರೆ ಮತ್ತೆ ಮೊದಲಿನಿಂದ.

ಇಷ್ಟೆಲ್ಲ ಸರಿ ಇದ್ದೂ ತಿರಸ್ಕಾರ ಆಗುವುದುಂಟು. ನನ್ನ ಅಕ್ಕನಿಗೆ ಹಾಗೇ ಆಯಿತು. ಕಂತು ತೀರಿತ್ತು, ಬಿಲ್ ಬಾಕಿ ಇರಲಿಲ್ಲ, ಆದರೂ 'ಈ ಫೋನ್ ಅರ್ಹವಲ್ಲ' ಅಂತ ಮೂರು ಸಲ ಉತ್ತರ. ಅಕ್ಕನ ಪಕ್ಕ ಕೂತು ಹಳೆಯ ಕಾಗದ ಎಲ್ಲ ಹರಡಿಕೊಂಡು ನೋಡಿದೆ. ಒಪ್ಪಂದದಲ್ಲಿದ್ದ ಐಎಂಇಐ 7ರಲ್ಲಿ ಮುಗಿಯುತ್ತಿತ್ತು, ಫೋನಿನದ್ದು 2ರಲ್ಲಿ. ಆಗ ನೆನಪಾಯಿತು, ಆರು ತಿಂಗಳ ಹಿಂದೆ ಪರದೆ ಕೆಟ್ಟು ವಾರಂಟಿಯಲ್ಲಿ ಫೋನ್ ಬದಲಾಯಿಸಿ ಕೊಟ್ಟಿದ್ದರು. ಹೊಸ ಫೋನಿನ ನಂಬರನ್ನು ಕಂತಿನ ಲೆಕ್ಕಕ್ಕೆ ಜೋಡಿಸಿಯೇ ಇರಲಿಲ್ಲ. ಕಂಪ್ಯೂಟರಿನ ಲೆಕ್ಕದಲ್ಲಿ ಕಂತು ತೀರಿದ್ದು ಯಾವುದೋ ಫೋನಿಗೆ, ಅನ್‌ಲಾಕ್ ಕೇಳುತ್ತಿದ್ದುದು ಇನ್ಯಾವುದಕ್ಕೋ. ಮದರ್‌ಬೋರ್ಡ್ ಬದಲಾದರೂ ಹೀಗೇ ಆಗುತ್ತದೆ.

ನಾವು ಕಳಿಸಿದ ಸಂದೇಶ ಹೀಗಿತ್ತು, ಬೇಕಾದರೆ ಇದನ್ನೇ ಬಳಸಿ:

"ನನ್ನ ಹೆಸರಿನಲ್ಲಿದ್ದ ಫೋನಿನ ಕಂತು ಇಂಥ ದಿನ ಪೂರ್ತಿ ತೀರಿದೆ. ರಸೀದಿ ಲಗತ್ತಿಸಿದ್ದೇನೆ. ಒಪ್ಪಂದದಲ್ಲಿ ಇರುವ ಐಎಂಇಐ ಇದು. ಇಂಥ ದಿನ ವಾರಂಟಿಯಲ್ಲಿ ನೀವು ಬದಲಿಸಿ ಕೊಟ್ಟ ಫೋನಿನ ಐಎಂಇಐ ಇದು. ಸರ್ವಿಸ್ ಚೀಟಿ ಲಗತ್ತಿಸಿದ್ದೇನೆ. ಎರಡನೇ ನಂಬರನ್ನು ನನ್ನ ಖಾತೆಗೆ ಜೋಡಿಸಿ ಅನ್‌ಲಾಕ್ ಮಾಡಿ. ಆಗದಿದ್ದರೆ ಯಾವ ಷರತ್ತು ಪೂರೈಸಿಲ್ಲ ಅಂತ ಬರೆದು ತಿಳಿಸಿ."

ಕೊನೆಯ ವಾಕ್ಯ ಮುಖ್ಯ. 'ಅರ್ಹವಲ್ಲ' ಅಂತ ಸಿದ್ಧ ಉತ್ತರ ಕಳಿಸುವವರು ಆಗ ಫೈಲ್ ತೆರೆದು ನೋಡಲೇಬೇಕಾಗುತ್ತದೆ. ಅಕ್ಕನದ್ದು ನಾಲ್ಕನೇ ದಿನ ಆಯಿತು.

ಒಪ್ಪಿಗೆ ಬಂದ ಮೇಲೆ ಐಫೋನಿನಲ್ಲಿ ಕೋಡ್ ಗೀಡ್ ಏನೂ ಇರಲ್ಲ. ಕಂಪನಿ ಆಪಲ್‌ಗೆ ತಿಳಿಸುತ್ತದೆ, ಆಪಲ್ ಸರ್ವರಿನಲ್ಲಿ ಬದಲಾಗುತ್ತದೆ. ನೀವು ವೈಫೈಗೆ ಸೇರಿಸಿ ಹೊಸ ಸಿಮ್ ಹಾಕಿದರೆ ಸಾಕು. ಆಗಲೂ ಲಾಕ್ ಹೋಗದಿದ್ದರೆ ಬ್ಯಾಕಪ್ ತೆಗೆದು, ಪೂರ್ತಿ ಅಳಿಸಿ, ಮತ್ತೆ ಶುರು ಮಾಡಿ. ಕೆಲವು ಆಂಡ್ರಾಯ್ಡ್ ಫೋನಿಗೆ ಕೋಡ್ ಕೊಡುತ್ತಾರೆ. ಕೋಡ್ ಹಾಕುವಾಗ ಆಟ ಆಡಬೇಡಿ. ತಪ್ಪು ಕೋಡಿಗೆ ಮಿತಿ ಇರುತ್ತದೆ, ಅದು ದಾಟಿದರೆ ಸರಿಯಾದ ಕೋಡನ್ನೂ ಫೋನ್ ಒಪ್ಪಲ್ಲ.

ಕಂತು ನಡೆಯುತ್ತಿರುವಾಗಲೇ ವಿದೇಶಕ್ಕೆ ಹೋಗಬೇಕಾ? ತಾತ್ಕಾಲಿಕ ಅನ್‌ಲಾಕ್ ಇದೆಯಾ ಅಂತ ಕೇಳಿ, ಕೆಲವು ಕಂಪನಿಗಳು ಕೊಡುತ್ತವೆ. ಇಲ್ಲವಾದರೆ ಮನೆಯಲ್ಲಿ ಬಿದ್ದಿರುವ, ಲಾಕ್ ಇಲ್ಲದ ಹಳೆಯ ಫೋನಿಗೆ ಅಲ್ಲಿನ ಸಿಮ್ ಹಾಕಿ ಹಾಟ್‌ಸ್ಪಾಟ್ ಮಾಡಿಕೊಳ್ಳಿ. ವೈಫೈಗೆ ಬೀಗ ಇಲ್ಲ.

ಹಳೆ ಫೋನ್ ಕೊಳ್ಳುವಾಗ

ಮಾರುವವರನ್ನು ಪಕ್ಕದಲ್ಲೇ ಕೂರಿಸಿಕೊಂಡು ಫೋನ್ ಪೂರ್ತಿ ರೀಸೆಟ್ ಮಾಡಿಸಿ, ವೈಫೈಗೆ ಸೇರಿಸಿ, ಹೋಮ್ ಸ್ಕ್ರೀನ್ ಬರುವವರೆಗೂ ಕಾಯಿರಿ. ಹತ್ತಿಪ್ಪತ್ತು ನಿಮಿಷ ಹಿಡಿಯುತ್ತದೆ. ಮುಜುಗರ ಆಗುತ್ತದೆ, ಆಗಲಿ. ಫೈನಾನ್ಸ್ ಲಾಕ್, ಅಕೌಂಟ್ ಲಾಕ್ ಎರಡೂ ಹೊರಗೆ ಬೀಳುವುದು ಆಗಲೇ. ಆಮೇಲೆ ಬೇರೆ ಕಂಪನಿಯ ಸಿಮ್ ಹಾಕಿ ಒಂದು ಕಾಲ್ ಮಾಡಿ.

ಇಷ್ಟಾದರೂ ತ್ರಿಕೋನದ ಭಯ ಹೋಗಲ್ಲ. ಇವತ್ತು ನಡೆಯುವ ಫೋನ್ ಮುಂದಿನ ತಿಂಗಳು ಬಂದ್ ಆಗಬಹುದು. ಅದಕ್ಕೆ ಕಂತು ತೀರಿದೆ ಅನ್ನುವ ಪತ್ರ ಕೇಳಿ, ಅದರಲ್ಲಿ ಐಎಂಇಐ ಇರಲಿ. 'ಆಮೇಲೆ ಕಳಿಸ್ತೀನಿ' ಅಂದರೆ ದುಡ್ಡನ್ನೂ ಆಮೇಲೆ ಕಳಿಸಿ. ನಾನು ಬಾಯಿಮಾತನ್ನು ನಂಬಿದೆ. ಅವರು ಕೆಟ್ಟವರೇನಲ್ಲ, ಬಹುಶಃ ಕಟ್ಟುವ ಯೋಚನೆಯೇ ಇತ್ತೇನೋ. ನೆಟ್‌ವರ್ಕಿಗೆ ಅದೆಲ್ಲ ಬೇಕಿಲ್ಲ.

ಸಿಮ್ಮಿನ ಕೆಳಗೆ ಇಡುವ ತೆಳುವಾದ ಚಿಪ್ ಒಂದು ಬರುತ್ತದೆ, ಲಾಕ್ ಆದ ಐಫೋನಿಗೆ ಸುಳ್ಳು ಸಂಖ್ಯೆ ತೋರಿಸಿ ಯಾಮಾರಿಸುವಂಥದ್ದು. ಅಪ್‌ಡೇಟ್ ಬಂದ ದಿನ ನಿಂತುಹೋಗಬಹುದು. 'ಅನ್‌ಲಾಕ್ ಆಗಿದೆ' ಅಂದ ಫೋನಿನ ಸಿಮ್ ಟ್ರೇ ಹೊರಗೆಳೆದು ನೋಡುವುದು ಅದಕ್ಕೇ. ಇನ್ನು ಐಎಂಇಐಯನ್ನೇ ಬದಲಿಸಿ ಕೊಡುತ್ತೇವೆ ಅನ್ನುವವರ ಹತ್ತಿರ ಹೋಗಲೇಬೇಡಿ. ಬ್ರಿಟನ್ನಿನಲ್ಲಿ 2002ರಿಂದಲೇ ಅದು ಅಪರಾಧ, ಇನ್ನೂ ಎಷ್ಟೋ ದೇಶಗಳಲ್ಲಿ ಹಾಗೇ.

ಬ್ಲಾಕ್‌ಲಿಸ್ಟ್ ಆದ ಫೋನ್ ಆಗಲೇ ಕೈಲಿದ್ದರೆ ಪಟ್ಟಿಯಿಂದ ತೆಗೆಯಬಲ್ಲವರು ಒಬ್ಬರೇ, ಪಟ್ಟಿಗೆ ಹಾಕಿದ ಕಂಪನಿ. ಅವರು ಕೇಳುವುದು ಮೂಲ ಗ್ರಾಹಕರ ಬಾಕಿಯನ್ನು. ಆ ಗ್ರಾಹಕರನ್ನು ಹುಡುಕಿ, ದುಡ್ಡು ಅವರ ಕೈಗೆ ಕೊಡದೆ, ಅವರ ಖಾತೆಯಲ್ಲಿ ಎದುರಿಗೇ ಕಟ್ಟಿಸಿ. ನನ್ನ ಸಹೋದ್ಯೋಗಿ ಎರಡು ಸಲ ಫೋನ್ ಎತ್ತಿದರು, ಮೂರನೇ ಸಲದಿಂದ ಎತ್ತಲಿಲ್ಲ. ಆ ಫೋನ್ ಈಗ ವೈಫೈ ಮೇಲೆ ಹಾಡು ಕೇಳಲು, ಕಾಗದ ಸ್ಕ್ಯಾನ್ ಮಾಡಲು ಬಳಕೆ ಆಗುತ್ತಿದೆ. ಅಕ್ಕನ ಸರ್ವಿಸ್ ಚೀಟಿ ಸ್ಕ್ಯಾನ್ ಮಾಡಿದ್ದೂ ಅದರಲ್ಲೇ.