‘ಅವರೇ ಕೂತಿದ್ದಿದ್ರೆ ಏನಂತಿದ್ರು?’: ಐಸಿಯುನಲ್ಲಿ ಮನೆಯವರ ಜೊತೆ ಮಾತಾಡುವುದು ಹೇಗೆ

ದಾವಣಗೆರೆಯ ಐಸಿಯುಗಳ ಹೊರಗೆ ರಾತ್ರಿಯೂ ಜನ ಇರುತ್ತಾರೆ. ಜಗಳೂರು, ಚನ್ನಗಿರಿ, ಚಿತ್ರದುರ್ಗದ ಕಡೆಯಿಂದ ಬಂದವರು. ಒಳಗಿರುವವರಿಗೆ ಪ್ರಜ್ಞೆ ಇಲ್ಲ, ಅವರ ಪರವಾಗಿ ಇವರೇ ಮಾತಾಡಬೇಕು. ಹೊಸ ನರ್ಸ್‌ಗಳು ವೆಂಟಿಲೇಟರ್ ಬೇಗ ಕಲಿಯುತ್ತಾರೆ, ಇಲ್ಲಿ ಎಡವುತ್ತಾರೆ.

ಒಳಗೆ ಬಿಡುವ ಮುಂಚೆ

ರೋಗಿಯ ಮುಖ ಒರೆಸಿ, ತಲೆ ಬಾಚಿ. ಬಾಯಿಯ ಪೈಪು ಉಸಿರಿಗೆ, ಮೂಗಿನದ್ದು ಊಟಕ್ಕೆ ಅಂತ ಬಾಗಿಲಲ್ಲೇ ಹೇಳಿ.

ಸ್ಕೋರ್ ಹೇಳಬೇಡಿ

ಪ್ರಜ್ಞೆ ಎಷ್ಟಿದೆ ಅಂತ ಅಳೆಯುವ ಗ್ಲಾಸ್ಗೋ ಸ್ಕೋರ್ 3ರಿಂದ 15ರವರೆಗೆ. ಏನೂ ಸ್ಪಂದಿಸದವರಿಗೂ 3 ಇರುತ್ತದೆ, ಸೊನ್ನೆಯೇ ಇಲ್ಲ. ‘ಮೂರು ಬಂದಿದೆಯಲ್ಲ, ನಾಳೆ ನಾಲ್ಕಾಗುತ್ತಾ?’ ಅಂತ ಒಬ್ಬ ಹುಡುಗ ನನ್ನನ್ನು ಕೇಳಿದ್ದ. ಅಂಕಿ ಬಿಡಿ. ಕರೆದರೆ ಕಣ್ಣು ಬಿಡುತ್ತಾರಾ, ಕೈ ಆಡಿಸುತ್ತಾರಾ, ಅದನ್ನು ಹೇಳಿ.

ಡಾಕ್ಟರ್ ಹೋದ ಮೇಲಿನ ಹತ್ತು ನಿಮಿಷ

ಕೆಡುವುದೆಲ್ಲ ಇಲ್ಲೇ. ಡಾಕ್ಟರ್ ಮಾತಾಡುವಾಗ ನೀವೂ ಅಲ್ಲಿರಿ. ಅವರು ಹೋದ ಮೇಲೆ ಕೂತ್ಕೊಳ್ಳಿ. ನಿಂತು ಮಾತಾಡಿದರೆ ನೀವೂ ಹೊರಟಿದ್ದೀರಿ ಅಂದುಕೊಳ್ಳುತ್ತಾರೆ. ‘ಡಾಕ್ಟರ್ ಹೇಳಿದ್ದರಲ್ಲಿ ನಿಮಗೆ ಏನು ಅರ್ಥ ಆಯ್ತು?’ ಅಂತ ಕೇಳಿ. ತಪ್ಪು ತಿಳಿದಿದ್ದರೆ ಡಾಕ್ಟರನ್ನು ಮತ್ತೆ ಕರೆಸಿ. ಸಮಾಧಾನಕ್ಕೆ ಅಂತ ನಿಮ್ಮದೇ ಭರವಸೆ ಸೇರಿಸಬೇಡಿ.

ಆಮೇಲೆ ‘ಏನು ಮಾಡೋಣ ಹೇಳಿ’ ಅಂತ ಕೇಳಲೇಬೇಡಿ. ಅಪ್ಪನ ಪ್ರಾಣದ ಭಾರ ಮಗನ ತಲೆ ಮೇಲೆ ಬಿದ್ದ ಹಾಗಾಗುತ್ತದೆ. ಹೀಗೆ ಕೇಳಿ: ‘ಅವರೇ ಇಲ್ಲಿ ಕೂತು ಇದನ್ನೆಲ್ಲ ಕೇಳಿಸಿಕೊಂಡಿದ್ದಿದ್ರೆ ಏನಂತಿದ್ರು?’ ಕೇಳಿ ಸುಮ್ನಿರಿ. ಎಷ್ಟು ಹೊತ್ತಾದರೂ ಸರಿ.

ಜೋರಾಗಿ ಮಾತಾಡುವವರೇ ರೋಗಿಯನ್ನು ಜಾಸ್ತಿ ಬಲ್ಲವರು ಅಂತಿಲ್ಲ. ಒಂದು ಸಲ ರೋಗಿಯ ಅಣ್ಣ ಒಬ್ಬರೇ ‘ಎಲ್ಲಾ ಮಾಡಿ, ಎಲ್ಲಾ ಮಾಡಿ’ ಅನ್ನುತ್ತಿದ್ದರು. ರೋಗಿಯ ಹೆಂಡತಿ ಗೋಡೆಗೆ ಒರಗಿ ನಿಂತಿದ್ದರು. ‘ಅಮ್ಮಾ, ನೀವು ಹೇಳಿ, ಯಜಮಾನ್ರು ಎಂಥವರು?’ ಅಂದೆ. ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿಕೊಂಡರು, ಬಿಚ್ಚಿದರು, ಮತ್ತೆ ಸುತ್ತಿಕೊಂಡರು. ‘ನಮ್ಮಾವ ಎರಡು ವರ್ಷ ಹಾಸಿಗೆ ಹಿಡಿದಿದ್ರು. ಇವ್ರೇ ನೋಡ್ಕಂಡಿದ್ದು. ನಂಗೆ ಹಿಂಗಾದ್ರೆ ಎಳೀಬ್ಯಾಡ್ರಿ ಅಂತಿದ್ರು ಸಿಸ್ಟರ್.’ ಅಣ್ಣ ಆಗ ಕೂತರು. ಹಿಂದಿನ ದಿನದಿಂದ ಅವರು ಕೂತಿದ್ದನ್ನೇ ನಾನು ನೋಡಿರಲಿಲ್ಲ.

ಕೋಮಾದಿಂದ ಎದ್ದವರ ವಾಟ್ಸಾಪ್ ವಿಡಿಯೋ ತೋರಿಸುತ್ತಾರೆ. ವಾದ ಮಾಡಬೇಡಿ, ಡಾಕ್ಟರಿಗೆ ಕೇಳಲು ಪ್ರಶ್ನೆ ಬರೆದುಕೊಡಿ. ಮೂಗಿಗೆ ಬಿಡುವ ‘ಪ್ರಜ್ಞೆ ಬರಿಸುವ’ ಎಣ್ಣೆಯನ್ನು ಮಾತ್ರ ತಡೆಯಿರಿ, ಅದು ಶ್ವಾಸಕೋಶಕ್ಕೆ ಇಳಿಯಬಹುದು. ಮನೆಯ ಕೊಬ್ಬರಿ ಎಣ್ಣೆ ಪಾದಕ್ಕೆ ಹಚ್ಚಲಿ.

ಕಾಗದದ ಕೆಲಸ

ಗುಣವಾಗುವ ಭರವಸೆ ಇಲ್ಲದಾಗ ಯಂತ್ರದ ಆಸರೆ ನಿಲ್ಲಿಸಲು ಸುಪ್ರೀಂ ಕೋರ್ಟ್ 2018ರಲ್ಲಿ ದಾರಿ ಮಾಡಿತು, 2023ರಲ್ಲಿ ಅದನ್ನು ಸರಳ ಮಾಡಿತು. ಮೂರು ಮೂರು ಡಾಕ್ಟರುಗಳ ಎರಡು ಮಂಡಳಿ ನೋಡಬೇಕು, ಮನೆಯವರ ಒಪ್ಪಿಗೆ ಬೇಕು. ರಾಜ್ಯದ ಆರೋಗ್ಯ ಇಲಾಖೆಯೂ 2025ರ ಜನವರಿಯಲ್ಲಿ ಆದೇಶ ಹೊರಡಿಸಿದೆ.

ಇದನ್ನು ಬಿಟ್ಟು ‘ಮನೆಗೆ ಕರ್ಕೊಂಡು ಹೋಗ್ತೀವಿ’ ಅಂತ ಸೈನ್ ಹಾಕಿಸುವ ಅಡ್ಡದಾರಿ ಬೇಡ. ಹಿಂದೆ ನಾನಿದ್ದ ಒಂದು ಆಸ್ಪತ್ರೆಯಿಂದ ಹಾಗೆ ಕಳಿಸಿದಾಗ, ಆಂಬುಲೆನ್ಸಿನಲ್ಲಿ ಉಸಿರಿನ ಬಲೂನು ಒತ್ತುತ್ತ ಹೋದವನು ಮಗ. ಎಲ್ಲಿ ನಿಲ್ಲಿಸಬೇಕು ಅಂತ ಅವನಿಗೆ ಯಾರೂ ಹೇಳಿರಲಿಲ್ಲ.

ತೀರ್ಮಾನ ಆದ ಮೇಲೆ

ಪರದೆ ಎಳೆಯಿರಿ, ಮಾನಿಟರ್ ಸದ್ದು ನಿಲ್ಲಿಸಿ. ನೋವಿನ ಔಷಧಿ ನಿಲ್ಲಬಾರದು. ಬಾಯಿಗೆ ನೀರು ಬಿಡಬೇಕು ಅಂತ ಕೇಳಿಯೇ ಕೇಳುತ್ತಾರೆ. ಬೇಡ ಅನ್ನಬೇಡಿ. ಗಾಜ್ ಬಟ್ಟೆ ಒದ್ದೆ ಮಾಡಿ ಕೈಗೆ ಕೊಡಿ, ತುಟಿಗೆ ಒತ್ತಲಿ.